ಹಳೆಯ ಕಾರಿನ ಮೋಹ

ಕಳೆದ ವಾರ ಸಂಜೆ ಶಾಲೆ ಬಿಡುವ ಹೊತ್ತಿಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಬಂದಿದ್ದರು. ಮಗ ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಓದಿಗಾಗಿ ಮಾಡಿದ ಬ್ಯಾಂಕ್ ಸಾಲ ಹೋದ ವರ್ಷವಷ್ಟೇ ತೀರಿದೆ. ಈಗ ಅವನಿಗೆ 1972ರ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರು ಕೊಳ್ಳುವ ಆಸೆ ಹುಟ್ಟಿದೆಯಂತೆ. "ನನ್ನ ಮದುವೆಗಿಂತಲೂ ಹಳೆಯ ಕಾರು ಮಾಷ್ಟ್ರೇ, ನೀವಾದರೂ ಬುದ್ಧಿ ಹೇಳಿ" ಎಂಬುದು ತಂದೆಯ ಅಳಲು.

ನಮ್ಮ ಜಿಲ್ಲೆಯ ಅನೇಕ ಕನ್ನಡ ಮನೆಗಳ ಮಕ್ಕಳು ಇಂದು ಹೊರದೇಶಗಳಲ್ಲಿದ್ದಾರೆ. ಇಂಥ ಪ್ರಶ್ನೆ ನಾಳೆ ಇನ್ನೊಂದು ಮನೆಯಲ್ಲೂ ಏಳಬಹುದು. ಆದುದರಿಂದ ಈ ಬಗ್ಗೆ ನಾಲ್ಕು ಮಾತು ಬರೆಯುವುದು ಉಚಿತವೆಂದು ಭಾವಿಸಿದ್ದೇವೆ.

ಎಂ.ಜಿ.ಬಿ. ಕಾರು ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಿಂದ 1962ರಲ್ಲಿ ಹೊರಬಂದಿತು. 1980ರ ಅಕ್ಟೋಬರಿನಲ್ಲಿ ಅದರ ತಯಾರಿಕೆ ನಿಂತಿತು. ಅಷ್ಟರಲ್ಲಿ 5 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಎಂಜಿನ್ 1798 ಸಿ.ಸಿ.ಯದು, ನಾಲ್ಕು ಸಿಲಿಂಡರಿನದು, ಸರಳವಾದುದು. ಕೈಯಲ್ಲಿ ಸ್ಪಾನರ್ ಹಿಡಿಯಲು ಕಲಿತವನು ಬಹಳಷ್ಟು ಕೆಲಸವನ್ನು ತಾನೇ ಮಾಡಿಕೊಳ್ಳಬಹುದು. ಬಿಡಿಭಾಗಗಳು ಇಂದಿಗೂ ಸಿಗುತ್ತವೆ. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಇದರ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಮಾರಾಟಕ್ಕಿಟ್ಟಿತು. ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಅನುಕೂಲ ಇರುವವು ಕಡಿಮೆ. ಹುಡುಗನ ಆಯ್ಕೆ ತೀರ ಹುಚ್ಚಿನದೇನೂ ಅಲ್ಲ.

ಅಪಾಯವಿರುವುದು ಎಂಜಿನಿನಲ್ಲಲ್ಲ, ತುಕ್ಕಿನಲ್ಲಿ. ಇದಕ್ಕೂ ಹಿಂದಿನ ಎಂ.ಜಿ.ಎ. ಕಾರಿಗೆ ಪ್ರತ್ಯೇಕ ಚಾಸಿಸ್ ಇತ್ತು. ಎಂ.ಜಿ.ಬಿ.ಗೆ ಅದಿಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಸಿಲ್ ಎಂಬ ಪಟ್ಟಿ ಒಳಗಿಂದ ತುಕ್ಕು ಹಿಡಿದರೆ ಕಾರಿನ ಬೆನ್ನೆಲುಬೇ ಹೋದಂತೆ. ಅದರ ಮೇಲೆ ತೇಪೆ ಹಾಕಿ ಬಣ್ಣ ಬಳಿದರೆ ನೋಡುವವರಿಗೆ ಗೊತ್ತಾಗುವುದಿಲ್ಲ. ನಮ್ಮ ಊರಿನಲ್ಲಿ ಹಳೆಯ ಹಂಚಿನ ಮನೆ ಕೊಳ್ಳುವವರು ಗೋಡೆಯ ಸುಣ್ಣ ನೋಡಿ ಮುಂಗಡ ಕೊಡುವುದುಂಟೇ? ಪಕ್ಕಾಸು ತಟ್ಟಿ ಗೆದ್ದಲು ಹಿಡಿದಿದೆಯೇ ಎಂದು ನೋಡುತ್ತಾರೆ. ಕಾರಿಗೂ ಅದೇ ನ್ಯಾಯ. ಬಾಗಿಲು ಮುಚ್ಚಿದಾಗ ಸುತ್ತಲಿನ ಸಂದು ಒಂದೇ ಸಮನಾಗಿದೆಯೇ ಎಂದು ನೋಡಬೇಕು. ಮೇಲಗಲ ಕೆಳಗಿರುಕು ಎಂದಿದ್ದರೆ ಬಾಡಿ ಜಗ್ಗಿರುವ ಸಂಶಯವಿದೆ.

ಈ ಮಾತನ್ನು ನಾವು ಪೆಟ್ಟು ತಿಂದು ಕಲಿತಿದ್ದೇವೆ. ಹದಿನೈದು ವರ್ಷಗಳ ಹಿಂದೆ ಹೊಸ ಬಣ್ಣಕ್ಕೆ ಮರುಳಾಗಿ ಹಳೆಯ ಜೀಪೊಂದನ್ನು ಕೊಂಡೆವು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಕಾಲಿಡುವ ತಗಡಿನ ತೂತಿನಿಂದ ರಸ್ತೆ ಕಾಣುತ್ತಿತ್ತು. ವೆಲ್ಡಿಂಗ್ ಅಂಗಡಿಗೆ ಕೊಟ್ಟ ಹಣ ಜೀಪಿನ ಬೆಲೆಯ ಹತ್ತಿರ ಬಂತು. ಮಾರಿದವನನ್ನು ದೂರಿ ಫಲವಿಲ್ಲ. ಬಗ್ಗಿ ನೋಡದಿದ್ದುದು ನಮ್ಮ ತಪ್ಪು.

ಇಂಗ್ಲೆಂಡಿನಲ್ಲಿ ಇನ್ನೊಂದು ಪೇಚು ಇದೆ. ಅಲ್ಲಿ ವಾಹನಗಳಿಗೆ ಎಂ.ಓ.ಟಿ. ಎಂಬ ವಾರ್ಷಿಕ ತಪಾಸಣೆಯುಂಟು. 2018ರ ಮೇ ತಿಂಗಳಿನಿಂದ 40 ವರ್ಷ ದಾಟಿದ, ಹೆಚ್ಚು ಮಾರ್ಪಾಟಾಗದ ಕಾರುಗಳಿಗೆ ಅದರಿಂದ ವಿನಾಯಿತಿ ಸಿಕ್ಕಿದೆ. ಇಷ್ಟು ಹಳೆಯ ಕಾರಿಗೆ ರಸ್ತೆ ತೆರಿಗೆಯೂ ಇಲ್ಲ. ಇದನ್ನು ಬರಿಯ ಲಾಭವೆಂದು ತಿಳಿಯಬಾರದು. ವರ್ಷಗಟ್ಟಲೆ ಯಾರೂ ಪರೀಕ್ಷಿಸದ ಕಾರು ಕೈಗೆ ಬರಬಹುದು. ಕಾನೂನು ಕೇಳದಿದ್ದರೂ ತಪಾಸಣೆ ಮಾಡಿಸಿಯೇ ಹಣ ಕೊಡುವುದು ಜಾಣತನ.

ಆನೆ ಕೊಳ್ಳುವುದಕ್ಕಿಂತ ಅದಕ್ಕೆ ಮೇವು ಹೊಂದಿಸುವುದು ಕಷ್ಟ. ಈ ಕಾರಿನ ಮುಂದಿನ ಚಕ್ರಗಳ ಕಿಂಗ್‌ಪಿನ್‌ಗಳಿಗೆ 3,000 ಮೈಲಿಗೊಮ್ಮೆ ಗ್ರೀಸ್ ಹಾಕಬೇಕು. 2021ರ ಸೆಪ್ಟೆಂಬರಿನಿಂದ ಅಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಕೊಳವೆಗಳಿಗೆ ಅದು ಹಿಡಿಸದು. ಶೇಕಡಾ 5ರ ದುಬಾರಿ ಪೆಟ್ರೋಲನ್ನೇ ಹಾಕಬೇಕು. ಏರ್‌ಬ್ಯಾಗ್ ಇಲ್ಲ, ಇಂದಿನ ಬ್ರೇಕಿನ ಸೌಕರ್ಯವಿಲ್ಲ. ಅಗ್ಗದ ಕಾರು ಕೊಂಡು ರಿಪೇರಿ ಮಾಡಿಸುತ್ತೇನೆಂದರೆ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ. ಬೇರೆಯವರು ಚೆನ್ನಾಗಿ ರಿಪೇರಿ ಮಾಡಿಸಿಟ್ಟ ಕಾರನ್ನು ಸ್ವಲ್ಪ ಹೆಚ್ಚು ಕೊಟ್ಟು ಕೊಳ್ಳುವುದೇ ಮೇಲು.

ಮುಂದೊಂದು ದಿನ ಊರಿಗೆ ತರುತ್ತೇನೆಂಬ ಕನಸನ್ನೂ ಲೆಕ್ಕಕ್ಕೆ ಹಿಡಿಯಬಾರದು. ಸುಂಕ ಸಣ್ಣದಲ್ಲ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ಮೀರಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಲು ಶುಲ್ಕವೇ 20,000 ರೂಪಾಯಿ. ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವುಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಪೇಟೆಗೆ ತರಕಾರಿ ತರಲು ಒಯ್ಯುವಂತಿಲ್ಲ.

ಹಾಗಾದರೆ ಕೊಳ್ಳಬೇಕೇ, ಬೇಡವೇ? ದಿನದ ಓಡಾಟಕ್ಕೆ ಬೇರೆ ವಾಹನ ಇದೆಯೇ? ಕಾರು ನಿಲ್ಲಿಸಲು ಒಣಗಿದ ಮಾಡಿನಡಿ ಜಾಗವಿದೆಯೇ? ಸಾಲ ಮಾಡದೆ ಕೊಳ್ಳಬಲ್ಲನೇ? ಮೊದಲ ವರ್ಷದ ರಿಪೇರಿಗೆ ಹಣ ತೆಗೆದಿರಿಸಿದ್ದಾನೆಯೇ? ಈ ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ ಕೊಳ್ಳಲಿ ಎಂದೇ ನಮ್ಮ ಅಭಿಪ್ರಾಯ. ಒಂದಕ್ಕೆ ಇಲ್ಲವೆಂದಾದರೂ ಕಾಯಲಿ. ಐದು ಲಕ್ಷ ತಯಾರಾದ ಕಾರು. ಇದು ತಪ್ಪಿದರೆ ಇನ್ನೊಂದು ಸಿಕ್ಕೀತು.

ತಂದೆಗೆ ಇದು ದಂಡದ ಖರ್ಚೆನಿಸುವುದು ಸಹಜ. ಅಡಿಕೆ ಮಾರಿದ ಹಣವನ್ನು ಕಂತು ಕಂತಾಗಿ ಬ್ಯಾಂಕಿಗೆ ಕಟ್ಟಿದವರು ಅವರು. ಆದರೆ ಆ ಸಾಲದ ಕೊನೆಯ ಪಾಲನ್ನು ತೀರಿಸಿದವನು ಮಗನೇ. ಸ್ವಂತ ದುಡಿಮೆಯಲ್ಲಿ ಅವನಿಗೊಂದು ಆಸೆ ಇರಬಾರದೇ? ಹೇಳದೆಯೇ ಕೊಳ್ಳಬಹುದಿತ್ತು, ಅಷ್ಟು ದೂರದಿಂದ ಮನೆಯವರನ್ನು ಕೇಳಿದ್ದಾನೆ. ಈ ಕೇಳುವ ಅಭ್ಯಾಸವನ್ನು ಒಂದು "ಬೇಡ"ದಿಂದ ಕಡಿದುಹಾಕಬಾರದು.

ಆದುದರಿಂದ ಆ ಹಿರಿಯರಿಗೆ ನಾವು ಹೇಳಿದ್ದು ಇಷ್ಟೇ: ರಾತ್ರಿ ಮಗ ಫೋನ್ ಮಾಡಿದಾಗ ಬುದ್ಧಿವಾದ ಹೇಳಬೇಡಿ. "ಸಿಲ್ ತಟ್ಟಿ ನೋಡಿಸಿದೆಯಾ?" ಎಂದು ಕೇಳಿ.