ಕಂದನ ಹೊಟ್ಟೆಯ ಗಂಟು

ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವಾಗ ಬಲಪಕ್ಕೆಯ ಕೆಳಗೆ ಗಟ್ಟಿಯಾದದ್ದೇನೋ ತಾಯಿಯ ಕೈಗೆ ತಾಗುತ್ತದೆ. ಮಗು ಆಡಿಕೊಂಡೇ ಇರುತ್ತದೆ, ಜ್ವರವಿಲ್ಲ, ನೋವಿಲ್ಲ. ಜಂತುಹುಳುವಿರಬೇಕೆಂದು ಮನೆಯಲ್ಲಿ ಒಬ್ಬರು, ‘ಲಿವರ್’ ಆಗಿದೆಯೆಂದು ಇನ್ನೊಬ್ಬರು. ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಾಲಿನೊಂದಿಗೆ ನಂಟಿದ್ದ ಆ ಹಳೆಯ ಯಕೃತ್ತಿನ ಕಾಯಿಲೆ ಈಗ ಬಹಳ ಅಪರೂಪ. ಅದಕ್ಕೆ ಕೊಡುತ್ತಿದ್ದ ಔಷಧಿಗಳ ನೆನಪು ಮಾತ್ರ ಅಳಿದಿಲ್ಲ. ಗಂಟು ಕೈಗೆ ಸಿಕ್ಕಿದ ಮೇಲೆ ಇಂಥ ಔಷಧಿಗಳಲ್ಲಿ ವಾರಗಳನ್ನು ಕಳೆಯಬಾರದು.

ಮಕ್ಕಳ ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಹೆಪಟೊಬ್ಲಾಸ್ಟೋಮ. ಬಹುಪಾಲು 3 ವರ್ಷದೊಳಗಿನ ಮಕ್ಕಳಿಗೆ ಬರುವಂಥದು. ಮೊದಲ ಪರೀಕ್ಷೆ, ಗರ್ಭಿಣಿಯರಿಗೆ ಮಾಡುವ ಅದೇ ಅಲ್ಟ್ರಾಸೌಂಡ್, ಸೂಜಿಯಿಲ್ಲ, ವಿಕಿರಣವಿಲ್ಲ. ಗಂಟು ಯಕೃತ್ತಿನದೋ ಮೂತ್ರಪಿಂಡದ್ದೋ, ನೀರು ತುಂಬಿದ ಚೀಲವೋ ಗಟ್ಟಿ ಗೆಡ್ಡೆಯೋ ಎಂಬುದು ಅಲ್ಲಿಯೇ ಬಹುಮಟ್ಟಿಗೆ ತಿಳಿಯುತ್ತದೆ. ಜೊತೆಗೆ ರಕ್ತದಲ್ಲಿ ಆಲ್ಫಾ ಫೀಟೋಪ್ರೋಟೀನ್ ಅಳೆಯುತ್ತಾರೆ. ಈ ಕ್ಯಾನ್ಸರಿನಲ್ಲಿ ಅದು ಸಾಮಾನ್ಯವಾಗಿ ವಿಪರೀತ ಏರಿರುತ್ತದೆ. ಆದರೆ ಆಗತಾನೆ ಹುಟ್ಟಿದ ಮಗುವಿನಲ್ಲಿ ಅದು ಸಹಜವಾಗಿಯೇ ಹೆಚ್ಚಿದ್ದು, ತಿಂಗಳುಗಳು ಕಳೆದಂತೆ ಇಳಿಯುತ್ತದೆ. ಕೂಸಿನ ವರದಿಯನ್ನು ದೊಡ್ಡವರ ಅಂಕಿಗೆ ಹೋಲಿಸಿ ಗಾಬರಿಯಾಗುವುದು ಬೇಡ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ರಕ್ತನಾಳಗಳ ಗಂಟಾದ ಹೆಮಾಂಜಿಯೋಮ ಎಷ್ಟೋ ಕೂಸುಗಳಲ್ಲಿ ತಾನಾಗಿ ಕುಗ್ಗುತ್ತದೆ.

ಅಲ್ಟ್ರಾಸೌಂಡ್ ಮುಗಿದ ಮೇಲೆ ಮತ್ತೆ ಎಂ.ಆರ್.ಐ. ಏಕೆ ಎಂದು ತಂದೆತಾಯಿ ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ಗೆಡ್ಡೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಯಕೃತ್ತು ಎಷ್ಟು ಉಳಿದಿದೆ ಎಂಬುದು ಶಸ್ತ್ರವೈದ್ಯರಿಗೆ ಮುಖ್ಯ. ಕತ್ತರಿಸಿದ ಯಕೃತ್ತು ಮತ್ತೆ ಬೆಳೆಯಬಲ್ಲದು, ಉಳಿದ ಭಾಗ ಆರೋಗ್ಯವಾಗಿದ್ದು ಅದರ ರಕ್ತನಾಳಗಳು ಸರಿಯಿದ್ದರೆ. 1990ರ ದಶಕದಲ್ಲಿ ಸಿಯೋಪೆಲ್ ಎಂಬ ತಜ್ಞರ ತಂಡ ಇದಕ್ಕೊಂದು ಲೆಕ್ಕ ಹಾಕಿತು. ಅದರ ಹೆಸರು ಪ್ರೀಟೆಕ್ಸ್ಟ್. ಯಕೃತ್ತನ್ನು ನಾಲ್ಕು ಭಾಗ ಮಾಡಿ, ಅಕ್ಕಪಕ್ಕದ ಮೂರು ಭಾಗ ಗೆಡ್ಡೆಯಿಲ್ಲದೆ ಉಳಿದಿದ್ದರೆ 1ನೇ ಹಂತ, ಎರಡು ಉಳಿದಿದ್ದರೆ 2ನೇ ಹಂತ ಎನ್ನುತ್ತಾರೆ. ಅಕ್ಕಪಕ್ಕದ ಎರಡು ಭಾಗಗಳೂ ಉಳಿಯದಿದ್ದರೆ 3, ನಾಲ್ಕನ್ನೂ ಆವರಿಸಿದ್ದರೆ 4. ಇದು 2005 ಮತ್ತು 2017ರಲ್ಲಿ ಪರಿಷ್ಕೃತವಾಯಿತು.

ಕೇಳಲು ಸುಲಭ, ನೋಡಲು ಕಷ್ಟ. ದೊಡ್ಡ ಗೆಡ್ಡೆ ಪಕ್ಕದ ಭಾಗವನ್ನು ಬರೀ ಒತ್ತಿದ್ದರೂ ಅದರೊಳಗೆ ನುಗ್ಗಿದಂತೆ ಕಾಣುತ್ತದೆ. ಆ ಭಾಗವನ್ನು ಉಳಿಸಬಹುದೋ ಇಲ್ಲವೋ ಎಂಬುದು ಈ ಅಂದಾಜಿನ ಮೇಲೆ ನಿಂತಿರುತ್ತದೆ. ಕರುಳಿನಿಂದ ರಕ್ತ ತರುವ ನಾಳ, ಯಕೃತ್ತಿನಿಂದ ಹೃದಯದತ್ತ ಒಯ್ಯುವ ನಾಳಗಳು ಇವುಗಳನ್ನು ಗೆಡ್ಡೆ ಸುತ್ತುವರಿದಿದೆಯೇ ಎಂದೂ ನೋಡಬೇಕು. ಎಂ.ಆರ್.ಐ. ಇದನ್ನು ವಿಕಿರಣವಿಲ್ಲದೆ ತೋರಿಸುತ್ತದೆ. ಅಲುಗಾಡದೆ ಮಲಗಬೇಕಾದ್ದರಿಂದ ಪುಟ್ಟ ಮಕ್ಕಳಿಗೆ ಸಾಮಾನ್ಯವಾಗಿ ಮತ್ತಿನ ಔಷಧಿ ಬೇಕು. ಈ ರೋಗ ಹರಡುವುದು ಹೆಚ್ಚಾಗಿ ಶ್ವಾಸಕೋಶಕ್ಕೆ; ಹಾಗಾಗಿ ಎದೆಯ ಸಿ.ಟಿ. ತಪ್ಪಿದ್ದಲ್ಲ.

ಮೊದಲ ಚಿತ್ರದಲ್ಲಿ ‘ತೆಗೆಯಲಾಗದು’ ಎಂದು ಕಂಡರೆ ಕೈಚೆಲ್ಲಬೇಕಿಲ್ಲ. ಸಿಸ್‌ಪ್ಲಾಟಿನ್‌ನಂಥ ಔಷಧಿಗೆ ಅನೇಕ ಗೆಡ್ಡೆಗಳು ಚೆನ್ನಾಗಿ ಕುಗ್ಗುತ್ತವೆ. ಕೆಲವು ಸುತ್ತು ಔಷಧಿಯಾದ ಮೇಲೆ ಮತ್ತೆ ಚಿತ್ರ ತೆಗೆದು, ಆಗ ಶಸ್ತ್ರಕ್ರಿಯೆಯೋ, ಯಕೃತ್ತಿನ ಕಸಿಯೋ ಎಂದು ನಿರ್ಧರಿಸುತ್ತಾರೆ. ಎರಡನೆಯ ಚಿತ್ರವನ್ನು ಓದುವುದು ಮೊದಲನೆಯದರ ಪಕ್ಕದಲ್ಲಿಟ್ಟು. ಆದ್ದರಿಂದ ಊರಿನಲ್ಲಿ ಮಾಡಿಸಿದ ಸ್ಕ್ಯಾನಿನ ಫಿಲ್ಮು, ಸಿ.ಡಿ., ರಕ್ತದ ವರದಿ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಹೊರಡಿ.