ತೆರೆದಿಟ್ಟ ತಪ್ಪಿನ ಖಾತೆ

ತನ್ನ ಸರಕಿನ ಕುಂದುಗಳನ್ನು ತಾನೇ ಬರೆದು ಅಂಗಡಿಯ ಬಾಗಿಲಿಗೆ ತೂಗುಹಾಕುವ ವರ್ತಕನನ್ನು ವಾಚಕರು ಕಂಡಿರಲಾರರು. ಕಂಪ್ಯೂಟರ್ ಪ್ರಪಂಚದಲ್ಲಿ ಅಂಥವರುಂಟು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ‘ಡೆಬಿಯನ್’ ಎಂಬ ಮುಕ್ತ ತಂತ್ರಾಂಶದ ಬಳಗವು, ದೋಷಗಳನ್ನು ಮರೆಮಾಚುವುದಿಲ್ಲವೆಂದು 1997ರಲ್ಲಿ ಲಿಖಿತ ವಚನವಿತ್ತಿತು. ಅದರ ದೋಷಗಳ ಖಾತೆ ಸದಾ ತೆರೆದಿದೆ. ಯಾರೇ ಆಗಲಿ, ಇ-ಮೇಲ್ ಬರೆದರೆ ಸಾಕು; ದೂರಿಗೊಂದು ಸಂಖ್ಯೆ ಬೀಳುತ್ತದೆ, ಹೊಣೆ ಹೊತ್ತವರಿಗೆ ತಲುಪುತ್ತದೆ. ದೋಷವಲ್ಲದ ಬರಿಯ ಬಯಕೆಗೂ ಅಲ್ಲೊಂದು ದರ್ಜೆಯುಂಟು!

ಇದರಿಂದ ಮಾನ ಹೋಗದೆ? ಹೋಗದು. ಬಹುಮಟ್ಟಿಗೆ ಸ್ವಯಂಸೇವಕರೇ ಆದ, ಪರಸ್ಪರ ಮುಖ ಕಾಣದ ಜನ ಕೂಡಿ ದುಡಿಯಬೇಕಾದರೆ ನಂಬಿಕೆಯೇ ಬಂಡವಾಳ. ಆದರೆ ಖಾತೆ ತೆರೆದ ಮಾತ್ರಕ್ಕೆ ಸಾಲದು. ಬಂದುದನ್ನು ಓದಿ ಉತ್ತರಿಸುವವರು ಬೇಕು. ಅವರಿಲ್ಲದಿದ್ದರೆ ಅದೂ ಬೀಗದ ಕೈ ಕಳೆದುಹೋದ ದೂರುಪೆಟ್ಟಿಗೆಯೇ.