ಮಾತಿನ ತೊಡಕೂ ಭಾಷೆಯ ತೊಡಕೂ

ಎಣ್ಣೂರಿನ ನಮ್ಮವರ ಮನೆಗಳಲ್ಲಿ ಮಗುವಿಗೆ ಮಾತು ತಡವಾದರೆ ಮೊದಲು ದೂಷಣೆಗೆ ಗುರಿಯಾಗುವುದು ಕನ್ನಡವೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಮಗು ಗೊಂದಲಗೊಂಡಿದೆ, ಮನೆಮಾತನ್ನು ಬಿಟ್ಟುಬಿಡಿರೆಂದು ಬಲ್ಲವರೆನಿಸಿಕೊಂಡವರು ಬುದ್ಧಿ ಹೇಳುತ್ತಾರೆ. ಬೇನೆ ಯಾವುದೆಂದು ತಿಳಿಯದೆ ಮದ್ದರೆಯುವ ಈ ಸಲಹೆಯನ್ನು ನಾವು ಒಪ್ಪಲಾರೆವು.

ಮಾತಿನ ದೋಷ ಬೇರೆ, ಭಾಷೆಯ ದೋಷ ಬೇರೆ. ಉಗ್ಗುವ ಸಪ್ಲೈಯರನು 'ಮಸಾಲೆ ದೋಸೆ' ಎನ್ನುವಾಗ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡರೂ ಹೇಳಬೇಕಾದ ಪದವನ್ನು ಚೆನ್ನಾಗಿ ಬಲ್ಲನು. ಕಾಫಿಗೆ 'ತಾಪಿ' ಎನ್ನುವ ಮಗುವೂ ಇದೇ ಪಂಗಡಕ್ಕೆ ಸೇರಿದುದು. ಭಾಷೆಯ ದೋಷವುಳ್ಳ ಮಗುವಾದರೋ ಅಕ್ಷರಗಳನ್ನು ಸ್ಪಷ್ಟವಾಗಿ ನುಡಿದರೂ ಪದಗಳನ್ನು ಜೋಡಿಸಲಾರದು; 'ಮೇಜಿನ ಮೇಲಿನ ಲೋಟವನ್ನು ಅಜ್ಜಿಗೆ ಕೊಡು' ಎಂದರೆ ತಿಳಿಯದೆ ನಿಂತುಬಿಡುವುದು. ಅದನ್ನು ಹಟಮಾರಿಯೆಂದು ಹೊಡೆಯುವ ತಂದೆಯರೂ ಉಂಟು.

ನಿಜವಾದ ಭಾಷಾದೋಷವು ಮಗು ಆಡುವ ಎಲ್ಲ ಭಾಷೆಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಕನ್ನಡದಲ್ಲಿ ಸೊಗಸಾಗಿ ಕಥೆ ಹೇಳುವ ಮಗು ತಮಿಳಿನಲ್ಲಿ ತಡವರಿಸಿದರೆ ಅದು ಅಭ್ಯಾಸದ ಕೊರತೆಯೇ ಹೊರತು ರೋಗವಲ್ಲ. 'ಅಮ್ಮಾ, ತಣ್ಣಿ ಕೊಡು' ಎಂದು ಎರಡನ್ನೂ ಬೆರೆಸುವುದೂ ರೋಗವಲ್ಲ. ಗಲ್ಲಾದಲ್ಲಿ ಕುಳಿತವರೆಲ್ಲ ದಿನವೂ ಮಾಡುವುದು ಅದನ್ನೇ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಭಾಷಾದೋಷ ಹುಟ್ಟದೆಂದು ತಜ್ಞರು ಕಂಡುಕೊಂಡಿದ್ದಾರೆ. ಕನ್ನಡವೊಂದನ್ನೇ ಬಲ್ಲ ತಾಯಿ ಅದನ್ನು ನಿಲ್ಲಿಸಿದರೆ, ಮಗುವಿಗೆ ದೊರೆಯುತ್ತಿದ್ದ ಮಾತೂ ನಿಂತಿತು.

ದೊಡ್ಡವರಿಗೂ ಈ ದೋಷ ಬರುವುದುಂಟು. ಮೆದುಳಿನ ಮುಂಭಾಗದ ಒಂದು ಎಡೆ ಕೆಟ್ಟರೆ ಮಾತು ಅಡಗುವುದೆಂದು ಪ್ಯಾರಿಸಿನ ಡಾ. ಪಾಲ್ ಬ್ರೋಕಾರವರು 1861ರಲ್ಲಿಯೇ ತೋರಿಸಿಕೊಟ್ಟರು. ಚೆನ್ನಾಗಿದ್ದ ಕ್ಯಾಷಿಯರು ಒಮ್ಮೆಲೇ 'ಚಿಲ್ಲರೆ' ಎನ್ನಲು ಹೋಗಿ 'ಚಟ್ನಿ' ಎಂದರೆ ಕುಡಿದಿದ್ದಾನೆಂದು ನಗುವುದು ಸಲ್ಲದು. ಅದು ಪಾರ್ಶ್ವವಾಯುವಿನ ಸೂಚನೆಯಿರಬಹುದು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಆಟೋ ಕರೆದು ದೊಡ್ಡ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಎರಡು ವರ್ಷ ತುಂಬಿಯೂ ಎರಡು ಪದ ಕೂಡಿಸದ ಮಗುವಿಗೆ ಮೊದಲು ಕಿವಿಯ ಪರೀಕ್ಷೆಯಾಗಬೇಕು. ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ 2005ರಲ್ಲಿ ಆರಂಭವಾದ, ಬಹುವಿಧ ಅಂಗವೈಕಲ್ಯವುಳ್ಳವರಿಗಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಕನ್ನಡದಲ್ಲಿಯೇ ಮಗುವನ್ನು ಮಾತನಾಡಿಸಿ ನೋಡಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸೆಂಟ್ರಲಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಅಲ್ಲಿ. ರಜೆ ಸಿಗದೆಂಬ ಹೆದರಿಕೆಯಿಂದ ಹಿಂಜರಿಯುವ ನೌಕರರನ್ನು ನಾವು ಬಲ್ಲೆವು. ಗಲ್ಲಾದಲ್ಲಿ ಕುಳಿತು ಬಂದ ನಮಗೆ ಮಾಲೀಕರ ಅಡಚಣೆಯೂ ತಿಳಿಯದ್ದಲ್ಲ. ಆದರೂ ಈ ಕಾರಣಕ್ಕೆ ಹೋಗುವ ತಂದೆಗೆ ಎರಡು ದಿನದ ಸಂಬಳ ಹಿಡಿಯದೆ ಕಳುಹಿಸಿಕೊಡಬೇಕೆಂದು ಎಣ್ಣೂರಿನ ಹೋಟೆಲು ಮಾಲೀಕರನ್ನು ನಾವು ಕೇಳಿಕೊಳ್ಳುತ್ತೇವೆ.